ಹುಣಸೆಹಣ್ಣಿನ ಹೊಳಪು

ಎಲ್ಲ ಅನಾಹುತಕ್ಕೂ ಕಾರಣ ನಿಂಬೆ ಗಾತ್ರದ ಒಂದು ಹುಣಸೆಹಣ್ಣಿನ ಉಂಡೆ. ಅರ್ಧ ತಪ್ಪು ದ್ವಾರಕಾನಾಥನದೂ ಹೌದು. ಶನಿವಾರ ಸಂಜೆ ತನ್ನ ಹಳೆಯ ರಿವಾಲ್ವರಿಗೆ ಎಣ್ಣೆ ಹಾಕಿ ಒರೆಸಿದವನು ಅದನ್ನು ಲಾಕರಿನಲ್ಲಿಟ್ಟು ಬೀಗ ಹಾಕುವುದನ್ನು ಮರೆತುಬಿಟ್ಟ. ಮರುದಿನ ಆಯುಧಪೂಜೆ.

ರಿವಾಲ್ವರ್ ಎಂದೊಡನೆ ಹೆದರಬೇಡಿ. ದ್ವಾರಕಾನಾಥ ಜಿರಳೆ ಕಂಡರೆ ಹೆಂಡತಿಯನ್ನು ಕೂಗುವ ಮನುಷ್ಯ. ತಿಂಗಳಿಗೆರಡು ಸಲ ಕ್ಲಬ್ಬಿಗೆ ಹೋಗಿ, ಒಂದು ಕೈ ಚಾಚಿ, ಉಸಿರು ಬಿಗಿಹಿಡಿದು ಕಾಗದದ ಗುರಿಗೆ ಹೊಡೆಯುತ್ತಿದ್ದ, ಅಷ್ಟೆ. “ಕಾಗದಕ್ಕೆ ತೂತು ಮಾಡಕ್ಕೆ ಪಂಚಿಂಗ್ ಮಷೀನ್ ಸಾಲಲ್ವೇನ್ರೀ?” ಎಂದು ಹೆಂಡತಿ ಸುಹಾಸಿನಿ ಕೇಳುತ್ತಲೇ ಇದ್ದಳು. ಆದರೆ ಅದು ಎಪ್ಪತ್ತು ವರ್ಷ ಹಳೆಯ ಟಾರ್ಗೆಟ್ ರಿವಾಲ್ವರ್. ಅದರ ಬೆಲೆಯೆಲ್ಲ ಇದ್ದದ್ದು ಮೈಮೇಲಿನ ಕಪ್ಪುನೀಲಿ ಬಣ್ಣದಲ್ಲಿ. ಕಾರ್ಖಾನೆಯಲ್ಲಿ ಹಾಕಿದ ಆ ಬಣ್ಣ ಒಮ್ಮೆ ಹೋದರೆ ಹೋಯಿತು.

ಭಾನುವಾರ ಬೆಳಿಗ್ಗೆ ದ್ವಾರಕಾನಾಥ ಸ್ನಾನ ಮಾಡಿ ದೇವರ ಮುಂದೆ ಬಂದು ನಿಂತ. ಕಾರಿನ ಕೀ, ಲ್ಯಾಪ್‌ಟಾಪ್, ಮಿಕ್ಸಿಯ ಜಾರು, ಇವುಗಳ ನಡುವೆ ಕುಂಕುಮ ಇಟ್ಟುಕೊಂಡು ಅವನ ರಿವಾಲ್ವರ್ ಬೆಳ್ಳಿ ಪಂಚಪಾತ್ರೆಯಂತೆ ಥಳಥಳಿಸುತ್ತಿತ್ತು.

“ಅತ್ತೆ, ಇದು...”

“ಬೇಸ್‌ಮೆಂಟ್ ಟೇಬಲ್ ಮೇಲೆ ಬಿದ್ದಿತ್ತು, ಅಳಿಯಂದ್ರೇ,” ಎಂದರು ಮೈಸೂರಿನಿಂದ ಬಂದಿದ್ದ ಚಿಕ್ಕತಾಯಮ್ಮ. “ನಿಜವಾದ ಆಯುಧ ಮನೇಲಿಟ್ಕೊಂಡು ಮಿಕ್ಸಿಗೆ ಪೂಜೆ ಮಾಡೋದಾ? ಮೈಯೆಲ್ಲಾ ಕಿಲುಬು ಹಿಡಿದಿತ್ತು. ಹುಣಸೆಹಣ್ಣು ನೆನೆಹಾಕಿ ಚೆನ್ನಾಗಿ ತಿಕ್ಕಿದೆ.”

ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಅಂದು ಮಧ್ಯಾಹ್ನ ಊಟಕ್ಕೆ ಬರಲಿದ್ದವನು ಅವನ ಬಾಸ್ ವಾಲ್ಟರ್.

ಅದು ಎರಡು ಸಾವಿರದ ಒಂಬತ್ತು. ಅಮೆರಿಕದ ಡೆಟ್ರಾಯಿಟಿನ ಸುತ್ತಮುತ್ತ ಮರದ ಎಲೆಗಳಿಗಿಂತ ಮೊದಲೇ ಕೆಲಸಗಳು ಉದುರುತ್ತಿದ್ದ ವರ್ಷ. ವಾರೆನ್ ಊರಿನಲ್ಲಿದ್ದ ದ್ವಾರಕಾನಾಥನ ಕಂಪನಿಯಲ್ಲಿ ಮುಂದೆ ಯಾರನ್ನು ಮನೆಗೆ ಕಳಿಸಬೇಕೆಂದು ಹೇಳುವವನು ಇದೇ ವಾಲ್ಟರ್. ಅವನಿಗೆ ಹಳೆಯ ರಿವಾಲ್ವರೆಂದರೆ ಪ್ರಾಣ. ಅವನ ತಾತ ಪಂದ್ಯಗಳಲ್ಲಿ ಬಳಸಿ ಗೆದ್ದ ರಿವಾಲ್ವರ್ ಇದರ ಜೋಡಿ. ಒಂದೇ ಕಾರ್ಖಾನೆ, ಒಂದೇ ವರ್ಷ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣವೆಂದು ದ್ವಾರಕಾನಾಥನೇ ಕರೆದಿದ್ದ. ಕೆಲಸ ಉಳಿಸಿಕೊಳ್ಳಲು ಅವನಿಗಿದ್ದ ದಾರಿ ಅದೊಂದೇ.

ಫೋನ್ ಮಾಡಿದೊಡನೆ ಓಡಿಬಂದವನು ಎದುರುಮನೆಯ ತಿರುಮಲೇಶ. ಆಬರ್ನ್ ಹಿಲ್ಸ್‌ನಲ್ಲಿದ್ದ ಕೆಲಸ ಹೋದ ಮೇಲೆ ಅವನು ದಿನಾ ಬೆಳಿಗ್ಗೆ ವಾಕಿಂಗ್ ಅಂತ ಬಡಾವಣೆ ಸುತ್ತುತ್ತಿದ್ದ. ಜೊತೆಗೆ ಯಾರೂ ಸಿಗುವುದಿಲ್ಲವೆಂಬುದೇ ಅವನ ಕೊರಗು. ಊರಿನವರ ಕಷ್ಟಕ್ಕೆಲ್ಲ ಅವನ ಬಳಿ ಸಲಹೆಯಿತ್ತು.

“ಬೂಟ್ ಪಾಲಿಶ್ ಹಚ್ಚೋ! ಬ್ಲ್ಯಾಕ್ ಒಂದ್ ಕೋಟು, ಮೇಲೆ ಸ್ವಲ್ಪ ಬ್ಲೂ.”

ಡಬ್ಬಿಯ ಮುಚ್ಚಳ ತೆರೆಯುವಷ್ಟರಲ್ಲಿ ಚಿಕ್ಕತಾಯಮ್ಮ ಅಡ್ಡ ನಿಂತರು. “ಚಪ್ಪಲಿಗೆ ಹಚ್ಚೋದನ್ನ ದೇವರ ಮುಂದಿರೋದಕ್ಕೆ ಹಚ್ತೀರಾ? ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಯಾರೂ ಮುಟ್ಟೋ ಹಾಗಿಲ್ಲ!”

ದ್ವಾರಕಾನಾಥನಿಗೆ ಆಗಲೇ ಹೊಳೆದದ್ದು. ಮುಟ್ಟುವ ಹಾಗಿಲ್ಲ! ಸುಹಾಸಿನಿ ತಂದಿಟ್ಟಿದ್ದ ಚೆಂಡುಹೂವನ್ನೆಲ್ಲ ರಿವಾಲ್ವರಿನ ಮೇಲೆ ಸುರಿದ. ಹೂವಿನ ಗುಡ್ಡೆಯ ಆಚೆ ಮರದ ಹಿಡಿ ಮಾತ್ರ ಕಾಣುತ್ತಿತ್ತು.

ವಾಲ್ಟರ್ ಬಂದ. ಹೂವಿನ ಗುಡ್ಡೆ ನೋಡಿದ. ವರ್ಷಕ್ಕೊಂದು ದಿನ ನಾವು ಆಯುಧಗಳಿಗೆ ವಿಶ್ರಾಂತಿ ಕೊಟ್ಟು ಪೂಜಿಸುತ್ತೇವೆ, ಇವತ್ತು ಮುಟ್ಟುವಂತಿಲ್ಲ ಎಂದು ದ್ವಾರಕಾನಾಥ ಬೆವರುತ್ತ ಇಂಗ್ಲಿಷಿನಲ್ಲಿ ವಿವರಿಸಿದ. ವಾಲ್ಟರನ ಕಣ್ಣು ಒದ್ದೆಯಾಯಿತು.

“ನಲವತ್ತು ವರ್ಷದಿಂದ ಕ್ಲಬ್ಬಿನಲ್ಲಿದ್ದೇನೆ, ಡ್ವಾರ್ಕ್. ರಿವಾಲ್ವರಿಗೆ ಹೂವು ಹಾಕಿದವರನ್ನು ನೋಡಿದ್ದು ಇವತ್ತೇ. ನನ್ನ ತಾತನದ್ದನ್ನೂ ಇಡಬಹುದೇ?”

ವಾಲ್ಟರ್ ಪೆಟ್ಟಿಗೆ ತೆರೆದು, ಗುಂಡಿಲ್ಲವೆಂದು ಎರಡು ಸಲ ನೋಡಿ, ಮಗುವನ್ನು ಕೊಡುವಂತೆ ಎರಡೂ ಕೈಯಲ್ಲಿ ಕೊಟ್ಟ.

“ಅತ್ತೆ, ಇದನ್ನೂ ಪೂಜೆಗೆ ಇಡ್ಬೇಕಂತೆ.”

“ಅದಕ್ಕೇನಂತೆ! ನೀವು ಊಟಕ್ಕೆ ಕೂತ್ಕೊಳಿ, ನಾನು ನೋಡ್ಕೋತೀನಿ.”

ಊಟ ಗಡದ್ದಾಗಿ ನಡೆಯಿತು. ಸಲಹೆ ಕೊಟ್ಟ ಹಕ್ಕಿನಿಂದ ತಿರುಮಲೇಶನೂ ಕೂತಿದ್ದ. ವಾಲ್ಟರ್ ಪುಳಿಯೋಗರೆಯನ್ನು ಮೂರನೆಯ ಸಲ ಹಾಕಿಸಿಕೊಂಡು, ಇಷ್ಟು ಸೊಗಸಾದ ಹುಳಿ ಯಾವುದರದು ಎಂದು ಕೇಳಿದ. ಹುಣಸೆಹಣ್ಣಿನದು ಎಂದಳು ಸುಹಾಸಿನಿ.

“ಅದ್ಭುತವಾದ ಹಣ್ಣು,” ಎಂದ ವಾಲ್ಟರ್. ಆಮೇಲೆ ದನಿ ತಗ್ಗಿಸಿದ. “ಡ್ವಾರ್ಕ್, ನಾಳೆ ನಮ್ಮ ವಿಭಾಗದಿಂದ ಒಬ್ಬರ ಹೆಸರು ಹೇಳಬೇಕು. ನಿಜ ಹೇಳುತ್ತೇನೆ, ನಿನ್ನ ಹೆಸರೇ ಮನಸ್ಸಿನಲ್ಲಿತ್ತು. ಆದರೆ ಹಳೆಯ ವಸ್ತುವನ್ನು ಇಷ್ಟು ಗೌರವದಿಂದ ಕಾಪಾಡುವ ಮನೆಯವನನ್ನು ನಾನು ಹೇಗೆ ಕಳಿಸಲಿ?”

ದ್ವಾರಕಾನಾಥನಿಗೆ ತಿಂಗಳುಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ಅತ್ತೆಯ ಕಾಲಿಗೆ ಬಿದ್ದುಬಿಡೋಣ ಎನ್ನಿಸಿತು.

ಅಷ್ಟರಲ್ಲಿ ಅತ್ತೆಯೇ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದರು. ಇನ್ನೊಂದು ಕೈಯಲ್ಲಿ ತಟ್ಟೆ. ತಟ್ಟೆಯ ಮೇಲೆ ವಾಲ್ಟರನ ತಾತನ ರಿವಾಲ್ವರ್, ಈಗಷ್ಟೇ ಅಂಗಡಿಯಿಂದ ತಂದ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತು.

“ಇಡೋಕ್ ಮುಂಚೆ ಒಂದ್ಸಲ ಅವರಿಗೆ ತೋರಿಸೋಣ ಅಂತ ತಂದೆ,” ಎಂದರು ಚಿಕ್ಕತಾಯಮ್ಮ, ಮುಖದ ತುಂಬ ನಗು. “ನಿಮ್ಮದಕ್ಕಿಂತ ಇದು ಜಾಸ್ತಿ ಕರ್ರಗಿತ್ತು. ಎರಡು ಸಲ ತಿಕ್ಬೇಕಾಯ್ತು. ಪಾಪ, ಅವರ ತಾತನ ಕಾಲದಿಂದ ಯಾರೂ ತೊಳೆದೇ ಇಲ್ಲ ಅನ್ಸತ್ತೆ. ಹೇಳಿ ಅಳಿಯಂದ್ರೇ, ಇಂಗ್ಲಿಷಲ್ಲಿ ಹೇಳಿ ಅವರಿಗೆ.”

ವಾಲ್ಟರನ ಕೈಯಲ್ಲಿದ್ದ ಪುಳಿಯೋಗರೆ ತಟ್ಟೆಗೆ ಉದುರಿತು. ದ್ವಾರಕಾನಾಥ ಇನ್ನಷ್ಟು ಚೆಂಡುಹೂವಿಗಾಗಿ ಸುತ್ತ ಹುಡುಕಿದ.

ತಿರುಮಲೇಶ ಮೆಲ್ಲಗೆ ಅವನತ್ತ ಬಾಗಿದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಕಳೆ ಬಂದಿತ್ತು.

“ಬೆಳಿಗ್ಗೆ ಎಂಟಕ್ಕೆ ವಾಕಿಂಗ್ ಹೊರಡ್ತೀನಿ ಕಣೋ. ಮಂಗಳವಾರದಿಂದ ರೆಡಿ ಇರು.”