ಎಂಬತ್ತಕ್ಕೆ ಎಂಬತ್ತು ಪೊಟ್ಟಣ

ಬ್ಯಾಕ್ಟೀರಿಯಾ ನಿಯಂತ್ರಣ ಹಾಗೂ ಕಲುಷಿತ ಆಹಾರವನ್ನು ಹಿಂಪಡೆಯುವ ಕ್ರಮ ಎಂಬ ವಿಷಯದ ಮೇಲೆ ಸಾನ್ ಎಲಿಯಾಸ್ ಪಟ್ಟಣದಲ್ಲಿ ನಡೆದ ಐದು ದಿನಗಳ ತರಬೇತಿಯು ಶೇಕಡಾ ನೂರರಷ್ಟು ಯಶಸ್ವಿಯಾಗಿದೆಯೆಂದು ಕಚೇರಿಯ ಗುಮಾಸ್ತನಾದ ನಾನು ಈ ಮೂಲಕ ದೃಢೀಕರಿಸುತ್ತೇನೆ.

ನಮ್ಮ ಪಂಪಾಂಗಾ ಸೀಮೆಯಲ್ಲಿ ಯಾರೂ ಎಲ್ಲಿಗೂ ಬರಿಗೈಯಲ್ಲಿ ಹೋಗುವ ಪದ್ಧತಿಯಿಲ್ಲ, ಬರಿಗೈಯಲ್ಲಿ ಮನೆಗೆ ಮರಳುವ ಪದ್ಧತಿಯಂತೂ ಇಲ್ಲವೇ ಇಲ್ಲ. ಆದ್ದರಿಂದ ಮೊದಲ ದಿನವೇ ಸಿಬ್ಬಂದಿ ಸೇರಿ ನಲವತ್ತು ಶಿಬಿರಾರ್ಥಿಗಳಿಗೆ ತಲಾ ಎರಡು ಪೊಟ್ಟಣ ತೊಸಿನೊ, ಅಂದರೆ ಸಕ್ಕರೆ ಹಚ್ಚಿ ನೆನೆಸಿದ ಹಂದಿಮಾಂಸ, ಉಡುಗೊರೆಯಾಗಿ ಕೊಡಲಾಯಿತು. ಅದೇ ಮಾಲಿನ ಇನ್ನೊಂದು ಪೊಟ್ಟಣವನ್ನು ಪ್ರಯೋಗಾಲಯದ ರೊಸೆಂಡಾಗೆ ಪರೀಕ್ಷೆಗೆ ಒಪ್ಪಿಸಲಾಯಿತು. ಪಾಠಕ್ಕೊಂದು ಉದಾಹರಣೆ ಬೇಕಲ್ಲ!

ನಾಲ್ಕನೆಯ ದಿನ ರೊಸೆಂಡಾ ಏದುಸಿರು ಬಿಡುತ್ತಾ ಓಡಿಬಂದಳು.

"ಸರ್, ಆ ಮಾಂಸದಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದೆ! ನನ್ನ ಮಗಳಿಗೆ ನಿನ್ನೆಯಿಂದ ವಾಂತಿ ಭೇದಿ, ಆಸ್ಪತ್ರೆಗೆ ಸೇರಿಸಿದೀನಿ. ನನ್ನ ಪಾಲಿನದನ್ನ ಹುರಿವಾಗ ಸಕ್ಕರೆ ಕಪ್ಪಾಯ್ತು ಅಂತ ಒಳಗೆ ಬೇಯೋಕೆ ಮುಂಚೆನೇ ಬಾಣಲೆ ಇಳಿಸಿಬಿಟ್ಟೆ, ಪಾಪಿ ನಾನು. ಅಂಗಡೀಲಿರೋ ಇದೇ ಮಾಲನ್ನೆಲ್ಲಾ ಈಗಲೇ ವಾಪಸ್ ತರಿಸಿ!"

ನಿರ್ದೇಶಕ ಡಾ. ಸುಂಗಾ ಅವರು ಕಾಫಿ ಲೋಟ ಕೆಳಗಿಡಲಿಲ್ಲ. "ಸಮಾಧಾನ ಮಾಡ್ಕೊಳಮ್ಮಾ. ವಾಪಸ್ ತರಿಸೋ ಪಾಠ ನಾಳೆ ಇದೆ."

ಮರುದಿನ ಆದೇಶ ಹೊರಟಿತು: ಶಿಬಿರಾರ್ಥಿಗಳು ತಮ್ಮ ಎರಡೂ ಪೊಟ್ಟಣಗಳನ್ನು ಮೊಹರು ಒಡೆಯದ ಸ್ಥಿತಿಯಲ್ಲಿ ಸಂಜೆ ನಾಲ್ಕರೊಳಗೆ ಹಿಂತಿರುಗಿಸತಕ್ಕದ್ದು, ತಪ್ಪಿದಲ್ಲಿ ಪ್ರಮಾಣಪತ್ರವಿಲ್ಲ.

ಬಹುಪಾಲು ಪೊಟ್ಟಣಗಳು ಆಗಲೇ ಹೊಟ್ಟೆ ಸೇರಿದ್ದವು. ಆದರೆ ನಮ್ಮವರು ಪೆದ್ದರೇ? ಎದುರಿನ ಅಂಗಡಿಯಿಂದ ಅದೇ ಕಾರ್ಖಾನೆಯ ಅದೇ ಮಾಲನ್ನು ಕೊಂಡು ತಂದು ಒಪ್ಪಿಸಿದರು. ಮೂರೂವರೆಗೆ ಎಪ್ಪತ್ತೆಂಟು ಬಂದವು. ಅಂಗಡಿ ಖಾಲಿಯಾದ ಸುದ್ದಿ ಕೇಳಿ ಕಾರ್ಖಾನೆಯವರು ಖುಷಿಯಿಂದ ಎರಡು ಗಾಡಿ ಮಾಲು ಕಳಿಸಿದರು.

"ನಿನ್ನವೆರಡು ಎಲ್ಲಮ್ಮಾ?" ಎಂದರು ನಿರ್ದೇಶಕರು.

"ನನ್ನ ಮಗಳ ಹೊಟ್ಟೇಲಿದೆ ಸರ್!" ಎಂದಳು ರೊಸೆಂಡಾ. "ಅಂಗಡೀಲಿ ಮಾರೋದು ನಿಲ್ಸಿ ಅಂತ ಬಡ್ಕೋತಾ ಇದೀನಿ..."

"ಅಂಗಡಿ ಪಠ್ಯದಲ್ಲಿಲ್ಲ. ನಿನ್ನೊಬ್ಬಳಿಂದ ಕಚೇರಿ ಮಾನ ಹೋಗುತ್ತಲ್ಲಾ ತಾಯಿ!"

ನನಗೆ ಪಾಪ ಅನ್ನಿಸಿತು. ನಾನೇ ಹೋಗಿ ಎರಡು ಪೊಟ್ಟಣ ಕೊಂಡು ತಂದು ಅವಳ ಹೆಸರಿನಲ್ಲಿ ಒಪ್ಪಿಸಿದೆ. ಎಂಬತ್ತಕ್ಕೆ ಎಂಬತ್ತು! ಒಂದರ ಮೊಹರೂ ಒಡೆದಿಲ್ಲವಾದ್ದರಿಂದ ಯಾರೂ ತಿಂದಿಲ್ಲವೆಂದೂ, ಯಾರೂ ತಿಂದಿಲ್ಲವಾದ್ದರಿಂದ ಯಾರಿಗೂ ಕಾಯಿಲೆಯಿಲ್ಲವೆಂದೂ ವರದಿ ಸಿದ್ಧವಾಯಿತು.

ಭಾನುವಾರ ಆ ಮಗುವನ್ನು ನೋಡಲು ಆಸ್ಪತ್ರೆಗೆ ಹೋದೆವು. ಬರಿಗೈಯಲ್ಲಿ ಹೋಗಲಾದೀತೇ? ನಿರ್ದೇಶಕರು ದಾಸ್ತಾನಿನಿಂದ ಎರಡು ಪೊಟ್ಟಣ ತೆಗೆಸಿದರು. ಮೇಲೆ ನಮ್ಮದೇ ಮುದ್ರೆಯಿತ್ತು: 'ಹಿಂಪಡೆಯಲಾಗಿದೆ.'

ರೊಸೆಂಡಾ ಮುದ್ರೆಯನ್ನೇ ನೋಡಿದಳು. "ಸರ್, ದಯವಿಟ್ಟು ಇದನ್ನ ವಾಪಸ್ ತಗೊಳ್ಳಿ."

"ಛೆ ಛೆ! ಕೊಟ್ಟ ಉಡುಗೊರೇನ ಯಾರಾದ್ರೂ ವಾಪಸ್ ತಗೋತಾರೇನಮ್ಮಾ?"

ಮಗು ಸಲೈನ್ ಚುಚ್ಚಿದ ಕೈಯನ್ನು ಅಲುಗಿಸದೆ ನಮ್ಮನ್ನು ನೋಡುತ್ತಿತ್ತು. ರೊಸೆಂಡಾ "ಥ್ಯಾಂಕ್ಸ್ ಸರ್" ಎಂದು ಪೊಟ್ಟಣಗಳನ್ನು ಮಂಚದ ಕೆಳಗೆ ತಳ್ಳಿದಳು. ಅಲ್ಲಿ ಆಗಲೇ ಹನ್ನೆರಡಿದ್ದವು. ಮಗುವನ್ನು ನೋಡಲು ಬಂದ ಶಿಬಿರಾರ್ಥಿಗಳಲ್ಲಿ ಯಾರೂ ಬರಿಗೈಯಲ್ಲಿ ಬಂದಿರಲಿಲ್ಲ.