ಬೇವೂರಿನ ನಿಶ್ಚಯಕ್ಕೆ ನಾನು ಸೈಕಲ್ ತುಳಿದದ್ದು

ಆಷಾಢ ಬಂತೆಂದರೆ ಕೊಪ್ಪಳದ ನನ್ನ ಫೋಟೊ ಸ್ಟುಡಿಯೊದೊಳಗೆ ನೊಣವೂ ಕಾಲಿಡುವುದಿಲ್ಲ. ಮದುವೆಯಿಲ್ಲ, ನಿಶ್ಚಯವಿಲ್ಲ, ಗೃಹಪ್ರವೇಶವಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಮೂರು ವಾರದ ಸೈಕಲ್ ರೇಸು ನಡೆಯುತ್ತದೆ. ಆ ರೇಸಿಗೂ ನನಗೂ ದೇವರೇ ಗಂಟು ಹಾಕಿದ್ದಾನೆಂದು ನನ್ನ ನಂಬಿಕೆ. ಗಲ್ಲಾದ ಮೇಲೆ ಮೊಬೈಲು ಒರಗಿಸಿಟ್ಟು, ಯಾರು ಗುಡ್ಡ ಹತ್ತಿದರು, ಯಾರ ಮೊಣಕಾಲು ತರಚಿತು ಎಂದು ಕಣ್ಣು ಮಿಟುಕಿಸದೆ ನೋಡುತ್ತೇನೆ. ಪಕ್ಕದಂಗಡಿಯ ಟೇಲರ್ ಇಮಾಮ್‌ಸಾಬರು ಒಮ್ಮೆ ಬಂದು ಇಣುಕಿದರು.

"ಇಷ್ಟು ಮಂದಿ ಕೂಡಿ ಎಲ್ಲಿಗೆ ಹೊಂಟಾರ್ರಿ?"

"ಪ್ಯಾರಿಸ್‌ಗೆ."

"ಯಾಕ್ರಿ, ಆ ಕಡಿ ಬಸ್ ಇಲ್ಲೇನ್ರಿ?"

ಇಂಥವರ ಜೊತೆ ವಾದಕ್ಕಿಳಿಯಬಾರದು!

ಈ ವರ್ಷ ಬರೀ ನೋಡಿ ಸಾಕಾಗಿ, ತೆಳು ಗಾಲಿಯ ರೇಸ್ ಸೈಕಲ್ಲನ್ನೇ ತರಿಸಿದೆ. ಜೊತೆಗೆ ಪೆಡಲಿಗೆ ಟಕ್ಕನೆ ಕಚ್ಚಿಕೊಳ್ಳುವ ಬೂಟು; ಇಳಿಯುವಾಗ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಮೈಗೆ ಅಂಟುವ ಅಂಗಿ, ತೊಡೆಗೆ ಅಂಟುವ ಚಡ್ಡಿ. ಚಡ್ಡಿಯನ್ನು ಇಮಾಮ್‌ಸಾಬರು ಎಳೆದೆಳೆದು ಪರೀಕ್ಷಿಸಿ ಹೇಳಿದರು: "ಒಳಗ ಹಾಕ್ಕೊಳ್ಳೋದು ಛಲೋ ಐತ್ರಿ. ಮ್ಯಾಲೆ ಹಾಕ್ಕೊಳ್ಳೋದು ಯಾವಾಗ ಬರತೈತಿ?"

ಶ್ರಾವಣ ಬಂತು. ಬೇವೂರಿನಲ್ಲಿರುವ ನನ್ನ ಹೆಂಡತಿಯ ಅಣ್ಣ ಬಸಣ್ಣನ ಮಗಳ ನಿಶ್ಚಯ ಗೊತ್ತಾಯಿತು. ಫೋಟೊ ತೆಗೆಯುವ ಭಾರ ನನ್ನದು. ನಾನು ಸೈಕಲ್ ಮೇಲೆಯೇ ಬರುವುದಾಗಿ ಮನೆಯಲ್ಲಿ ಘೋಷಿಸಿದೆ.

"ಸುಮ್ನ ಎಲ್ಲಾರ ಜೋಡಿ ಜೀಪಿನ್ಯಾಗ ಬರ್ರಿ," ಎಂದಳು ಹೆಂಡತಿ ಶಾಂತಾ. "ಹೊಸಾ ಬೀಗರು ಬರ್ತಾರ. ಮರ್ಯಾದಿ ಪ್ರಶ್ನೆ ಐತಿ."

"ನೀವು ಮುಟ್ಟೋದ್ರಾಗ ನಾನೂ ಬಂದಿರ್ತೀನಿ. ನನ್ನ ಬಟ್ಟಿ, ಕ್ಯಾಮೆರಾ ನೀನ ಒಯ್ಯಿ."

ಕ್ಯಾಮೆರಾದ ಬ್ಯಾಟರಿಗಳನ್ನು ಮಾತ್ರ ನಾನಿಟ್ಟುಕೊಂಡೆ. ಜೀಪಿನಲ್ಲಿ ಮಕ್ಕಳ ಕೈಗೆ ಸಿಕ್ಕು ಕಳೆದುಹೋದರೆ? ರೇಸಿನವರು ಬಾಳೆಹಣ್ಣು ಇಟ್ಟುಕೊಳ್ಳುವ ಬೆನ್ನಿನ ಕಿಸೆಯಲ್ಲಿ ಭದ್ರವಾಗಿ ಇಟ್ಟೆ. ಬಾಳೆಹಣ್ಣನ್ನೂ ಇಟ್ಟೆ. ಶಾಸ್ತ್ರ ಬಿಡಬಾರದಲ್ಲ!

ಊರು ದಾಟಿದ್ದೇ ತಡ, ಎದುರು ಗಾಳಿ ಶುರುವಾಯಿತು. ನಾನು ತುಳಿಯುತ್ತಿದ್ದೆ, ಗಾಳಿ ನನ್ನನ್ನು ಹಿಂದಕ್ಕೆ ತಳ್ಳುತ್ತಿತ್ತು. ರಸ್ತೆ ಬದಿಯ ಒಂದು ಬೇವಿನ ಮರ ಎಷ್ಟು ತುಳಿದರೂ ನನ್ನ ಪಕ್ಕದಲ್ಲೇ ಇತ್ತು! ಅಷ್ಟರಲ್ಲಿ ಹಾರ್ನ್ ಹೊಡೆಯುತ್ತ ಜೀಪು ದಾಟಿಹೋಯಿತು. ಕಿಟಕಿಯಿಂದ ಶಾಂತಾ ಏನೋ ಕೂಗಿದಳು. ಹುರಿದುಂಬಿಸುತ್ತಿದ್ದಾಳೆಂದು ಕೈ ಬೀಸಿದೆ. ಬ್ಯಾಟರಿ ಕೇಳಿದ್ದಳಂತೆ.

ಆಗ ರೇಸಿನ ವಿದ್ಯೆ ನೆನಪಾಯಿತು. ಜಾಣ ಸವಾರ ಎಂದೂ ಗಾಳಿಗೆ ಎದೆ ಕೊಡುವುದಿಲ್ಲ. ಮುಂದಿನವನ ಗಾಲಿಗೆ ಅಂಟಿಕೊಂಡು ಅವನ ಮರೆಯಲ್ಲಿ ಸಾಗುತ್ತಾನೆ. ದೇವರು ಕಳಿಸಿದಂತೆ ಮೇವು ಹೇರಿದ ಟ್ರ್ಯಾಕ್ಟರ್ ಬಂತು. ಅದರ ಟ್ರಾಲಿಯ ಹಿಂದೆ ಸೇರಿಕೊಂಡೆ. ಆಹಾ! ಗಾಳಿಯೇ ಇಲ್ಲ! ತಲೆ ತಗ್ಗಿಸಿ, ಕಣ್ಣನ್ನು ಟ್ರಾಲಿಯ ಗಾಲಿಯ ಮೇಲಿಟ್ಟು ತುಳಿದೆ. ಫ್ರಾನ್ಸಿನ ಜನ ಎರಡೂ ಬದಿ ನಿಂತು ಚಪ್ಪಾಳೆ ತಟ್ಟುತ್ತಿರುವಂತೆ ಭಾಸವಾಯಿತು.

ಡಾಂಬರು ಹೋಗಿ ಮಣ್ಣು ಬಂದದ್ದು ನನಗೆ ಗೊತ್ತಾಯಿತು. ರಸ್ತೆ ದುರಸ್ತಿ ನಡೆದಿರಬೇಕು ಎಂದುಕೊಂಡೆ. ಎಮ್ಮೆಯೊಂದು ಕಾಣಿಸಿತು. ಅದನ್ನೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಟ್ರ್ಯಾಕ್ಟರ್ ಗಕ್ಕನೆ ನಿಂತಾಗಲೇ ತಿಳಿದದ್ದು, ಯಾರದೋ ಹೊಲದ ಕಣದೊಳಗೆ ಬಂದಿದ್ದೇನೆಂದು!

ಬ್ರೇಕ್ ಹಿಡಿದೆ. ಸೈಕಲ್ ನಿಂತಿತು. ಬೂಟು ಬಿಡಲಿಲ್ಲ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕೋ ಒಳಕ್ಕೋ ಎಂದು ಯೋಚಿಸುತ್ತಿರುವಾಗಲೇ ಸೈಕಲ್ ಸಮೇತ ಕಡಿದ ಮರದಂತೆ ಮಗ್ಗುಲಿಗೆ ಬಿದ್ದೆ. ಬಿದ್ದಲ್ಲಿಂದಲೇ ಕಾಲು ಬಿಡಿಸಿಕೊಳ್ಳಲು ಝಾಡಿಸತೊಡಗಿದೆ.

"ಯವ್ವಾ, ಫಿಟ್ಸ್ ಬಂದಾವ! ಕಬ್ಬಿಣ ತಗೊಂಬಾ!" ಎಂದು ಡ್ರೈವರ್ ಚೀರಿದ.

ಕಣದಲ್ಲಿದ್ದ ಮುದುಕಿ ಓಡಿ ಬಂದು ನನ್ನ ಕೈಯಲ್ಲಿ ಕುಡುಗೋಲು ಹಿಡಿಸಿದಳು. ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ತುರುಕಿದಳು.

"ಫಿಟ್ಸ್ ಅಲ್ಲಬೇ! ಬೂಟು! ಬೂಟು ಸಿಕ್ಕೊಂಡಾವ!"

"ಮಾತಾಡಾಕ ಹತ್ಯಾನ," ಎಂದಳು ಆಕೆ ಸಮಾಧಾನದಿಂದ. "ಇನ್ನೊಂದು ಉಳ್ಳಾಗಡ್ಡಿ ಕೊಡ್ರಿ, ಪೂರಾ ಆರಾಮ ಆಗ್ತಾನ."

ಆರಾಮವಾದ ಮೇಲೆ ಡ್ರೈವರ್ ನನ್ನನ್ನೂ ಸೈಕಲ್ಲನ್ನೂ ಟ್ರಾಲಿಯಲ್ಲಿ ಹೇರಿಕೊಂಡು ಬೇವೂರಿಗೆ ತಂದು, ಬಸಣ್ಣನ ಮನೆಯ ಚಪ್ಪರದ ಮುಂದೆಯೇ ಇಳಿಸಿದ. ತಲೆಯಲ್ಲಿ ಮೇವು, ಮೂಗಿನಲ್ಲಿ ಉಳ್ಳಾಗಡ್ಡಿ ಘಾಟು, ಬೆನ್ನಿನಲ್ಲಿ ಬಾಳೆಹಣ್ಣಿನ ಪಾಯಸ, ಸೊಂಟದ ಕೆಳಗೆ ಆ ಚಡ್ಡಿ. ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡರು. ಹುಡುಗನ ಕಡೆಯ ಹಿರಿಯರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು: "ಇವರು ಯಾರ್ರಿ?"

ಶಾಂತಾ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು.

"ಫೋಟೊಗ್ರಾಫರ್ ರೀ," ಎಂದಳು.

ಬಟ್ಟೆ ಬದಲಿಸುತ್ತೇನೆಂದೆ. "ರಾಹುಕಾಲ ಬರಾಕ ಹತ್ತೇತಿ, ಮದಲ ಫೋಟೊ ಹೊಡೀರಿ," ಎಂದು ಹಿರಿಯರು ಗದರಿದರು. ಬ್ಯಾಟರಿಗೆ ಮೆತ್ತಿದ್ದ ಬಾಳೆಹಣ್ಣನ್ನು ಒರೆಸಿ ಕ್ಯಾಮೆರಾಕ್ಕೆ ಹಾಕಿದೆ. ಕಲ್ಲು ಹಾಸಿನ ಮೇಲೆ ಆ ಬೂಟಿನಲ್ಲಿ ಟಕ್ ಟಕ್ ಎಂದು ಓಡಾಡುತ್ತ, ನಡುನಡುವೆ ಜಾರುತ್ತ ಉಂಗುರ ತೊಡಿಸುವುದನ್ನು, ಉಡಿ ತುಂಬುವುದನ್ನು ತೆಗೆದೆ.

ಕೊನೆಗೆ ಮನೆಮಂದಿಯೆಲ್ಲ ಸಾಲಾಗಿ ನಿಂತರು. ಅಷ್ಟರಲ್ಲಿ ಹಿರಿಯರು ಕೈ ಎತ್ತಿ ನನ್ನನ್ನು ತಡೆದು, ಶಾಂತಾಳ ಕಡೆ ತಿರುಗಿದರು.

"ನಿಮ್ಮ ಯಜಮಾನ್ರು ಕಾಣವಲ್ರಲ್ಲ?"

"ಸೈಕಲ್ ಮ್ಯಾಲೆ ಹೊಂಟಾರ್ರಿ," ಎಂದಳು ಶಾಂತಾ, ನನ್ನ ಕಡೆ ನೋಡದೆ. "ಇನ್ನೂ ದಾರ್ಯಾಗ ಅದಾರ."

"ಹಂಗಾದ್ರ ಕಾಯೋಣ್ರಿ. ಮನಿ ಅಳಿಯಾ ಇಲ್ದ ಫೋಟೊ ಹ್ಯಾಂಗ?"

ಎಲ್ಲರೂ ರಸ್ತೆಯ ಕಡೆ ಕಣ್ಣು ಹಾಯಿಸಿದರು. ನಾನೂ ಒಂದು ಸಲ ನೋಡಿದೆ. ಗಾಳಿಗೆ ಧೂಳು ಏಳುತ್ತಿತ್ತು, ಅಷ್ಟೇ. ನಾನು ಕ್ಯಾಮೆರಾವನ್ನು ಕಣ್ಣಿಗೆ ಹಚ್ಚಿಕೊಂಡೆ.

"ಕಾಯಬ್ಯಾಡ್ರಿ ಯಜಮಾನ್ರ," ಎಂದೆ. "ಆ ಮನಷ್ಯಾ ನನಗ ಗೊತ್ತು. ಭಾಳ ಸಾವಕಾಶ ತುಳೀತಾನ. ಎಲ್ಲಾರೂ ಈ ಕಡಿ ನೋಡ್ರಿ, ಸ್ವಲ್ಪ ನಗ್ರಿ."