ಕರಗಿಸುವವನ ನಾಣ್ಯ ಸಂಗ್ರಹ

ನಾಣ್ಯ ಕೂಡಿಡುವ ಹುಚ್ಚು ಹತ್ತಿದವನಿಗೆ ಹೊಟ್ಟೆಪಾಡಿಗೆ ಸಿಗುವ ಕೆಲಸ ಯಾವಾಗಲೂ ಆ ಹುಚ್ಚಿಗೆ ವೈರಿಯೇ ಆಗಿರುತ್ತದೆ. ನನಗೆ ಗೊತ್ತಿರುವ ಮೂವರಿಗೂ ಹೀಗೇ ಆಗಿದೆ. ಆ ಕಾಲಕ್ಕೆ ನಮ್ಮ ಕಡೆ ನಾಲ್ಕನೆಯವನು ಇರಲಿಲ್ಲವಾದ್ದರಿಂದ ಇದನ್ನು ನಿಯಮ ಎಂದೇ ಭಾವಿಸಿದ್ದೇನೆ.

ಮೂವರಲ್ಲಿ ಒಬ್ಬ ನಾನು. ಯಳಂದೂರಿನಿಂದ ಕೊಳ್ಳೇಗಾಲದ ಮೇಲೆ ಹನೂರಿಗೆ ಹೋಗುತ್ತಿದ್ದ ಒಂದು ಖಾಸಗಿ ಬಸ್ಸಿನ ಕಂಡಕ್ಟರ್. ದಿನವಿಡೀ ಕಾಸು ನನ್ನ ಕೈಗೆ ಬರುತ್ತಿತ್ತು, ಸಂಜೆಗೆ ಅಷ್ಟನ್ನೂ ಮಾಲೀಕರ ಮೇಜಿನ ಮೇಲೆ ಸುರಿಯಬೇಕಿತ್ತು. ಎರಡನೆಯವರು ಯಳಂದೂರಿನ ಒಂದು ಸಣ್ಣ ಗುಡಿಯ ಅರ್ಚಕರು. ಅವರ ತಟ್ಟೆಗೆ ಕಾಸು ತಾನಾಗಿ ಬೀಳುತ್ತಿತ್ತು, ಆದರೆ ಅದನ್ನು ದಿಟ್ಟಿಸಿ ನೋಡುವ ಹಾಗಿರಲಿಲ್ಲ. ಮೂರನೆಯವನು ಹನೂರಿನ ಅಕ್ಕಸಾಲಿ. ಹಳೆಯ ನಾಣ್ಯ ಕಂಡರೆ ಕಣ್ಣಲ್ಲಿ ನೀರು ತಂದುಕೊಳ್ಳುವ ಮನುಷ್ಯ. ಅವನ್ನು ಕರಗಿಸಿ ಸಂಸಾರ ನಡೆಸುತ್ತಿದ್ದ.

ಮೂವರಿಗೂ ಆಸೆ ಒಂದೇ. ಸಾಯುವುದರೊಳಗೆ ಒಂದು ಕಂಠೀರಾಯಿ ಹಣ ನಮ್ಮದಾಗಬೇಕು. ಅದು ಹಳೇ ಮೈಸೂರು ಅರಸರ ಚಿನ್ನದ ನಾಣ್ಯ, ತೊಗರಿಬೇಳೆಯಷ್ಟೇ ಅಗಲ. ಒಂದು ಕಡೆ ನರಸಿಂಹ, ಇನ್ನೊಂದು ಕಡೆ ನಾಗರಿ ಅಕ್ಷರ. ಅಕ್ಕಸಾಲಿಯ ಆಸೆ ನಮ್ಮಿಬ್ಬರದಕ್ಕಿಂತ ಹೆಚ್ಚು ಸುಡುತ್ತಿತ್ತು. ಕಸುಬು ಕಲಿಯುವ ವಯಸ್ಸಿನಲ್ಲಿ ಅವನು ಅಂಥ ಹನ್ನೊಂದನ್ನು ಕರಗಿಸಿದ್ದ. "ಆಗ ಗೊತ್ತಿರ್ನಿಲ್ಲ ಸಾ" ಎಂದು ಈ ಮಾತು ಬಂದಾಗಲೆಲ್ಲ ಹೇಳುತ್ತಿದ್ದ, ನಾವು ಕೇಳದಿದ್ದರೂ.

೧. ಸವೆದ ಕಾಸಿನ ಬಸ್ಸು

ಐವತ್ತಾರರಲ್ಲಿ ಕೊಳ್ಳೇಗಾಲ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿತು. ಜನ ಅದಕ್ಕೆ ಹೊಂದಿಕೊಳ್ಳುವ ಮೊದಲೇ, ಮರುವರ್ಷ, ಆಣೆ ಹೋಗಿ ನಯಾ ಪೈಸೆ ಬಂತು. ಬಸ್ಸಿನಲ್ಲಿ ದಿನವೂ ಜಗಳ. ಒಂದು ದಿನ ಕಾಮಗೆರೆಯಲ್ಲಿ ಹತ್ತಿದ ಮುದುಕರೊಬ್ಬರು ಟಿಕೇಟಿಗೆ ಕೊಟ್ಟ ಕಾಸಿನಲ್ಲಿ ಟಿಪ್ಪೂ ಕಾಲದ ಆನೆ ಕಾಸೊಂದು ಇತ್ತು.

"ಇದು ನಡೀತದಾ?" ಎಂದರು ಮುದುಕರು, ನಡೆಯುವುದಿಲ್ಲವೆಂದು ಗೊತ್ತಿದ್ದ ಮುಖದಲ್ಲಿ.

"ನಡೀದೇ ಏನು" ಎಂದೆ. ಅದನ್ನು ಜೇಬಿಗೆ ಹಾಕಿಕೊಂಡು ನನ್ನ ಕಾಸನ್ನು ಚೀಲಕ್ಕೆ ಹಾಕಿದೆ. ಇಡೀ ಬಸ್ಸು ನೋಡುತ್ತಿತ್ತು ಎಂಬುದು ನನಗೆ ಹೊಳೆಯಲಿಲ್ಲ.

ಮಾರನೆಯ ದಿನದಿಂದ ಕಾಮಗೆರೆಯವರು ಗೂಡಿನಲ್ಲಿ, ಮಡಕೆಯಲ್ಲಿ, ದನದ ಕೊರಳಿನಲ್ಲಿ ಇದ್ದ ಸತ್ತ ಕಾಸನ್ನೆಲ್ಲ ತಂದು ಪ್ರಯಾಣ ಮಾಡತೊಡಗಿದರು.

"ನಿನ್ನೆ ಆ ಮುದ್ಕಂದು ತಕಂಡೆ, ನಂದ್ಯಾಕ್ಲಾ ಬ್ಯಾಡ?"

"ಅದ್ರ ಮೇಲೆ ಆನೆ ಇತ್ತು ಯಜಮಾನ್ರೆ."

"ಇದ್ರ ಮೇಲೂ ಇತ್ತು ಕಣಪ್ಪ, ಸವ್ದೋಗದೆ."

ಅದನ್ನೂ ತೆಗೆದುಕೊಂಡೆ. ಒಬ್ಬರು ಕೊಟ್ಟದ್ದು ಛತ್ರಿಯ ಹಿತ್ತಾಳೆ ಬಿಲ್ಲೆ. ಎಲ್ಲಕ್ಕೂ ನನ್ನ ಸಂಬಳದಿಂದ ತುಂಬಿಕೊಟ್ಟೆ. ಕೊನೆಗೊಂದು ದಿನ ಸಿಟ್ಟು ನೆತ್ತಿಗೇರಿ, ಒಂದು ಹಿಡಿ ಕಾಸನ್ನು ಕಾಮಗೆರೆ ದಾಟಿದ ತಿರುವಿನಲ್ಲಿ ಕಿಟಕಿಯಿಂದ ಆಚೆಗೆ, ಲಂಟಾನ ಪೊದೆಗೆ, ಎಸೆದುಬಿಟ್ಟೆ. ಚೀಲದ ಹೊಲಿಗೆಯಲ್ಲಿ ಒಂದು ಸಿಕ್ಕಿಕೊಂಡು ಉಳಿದಿತ್ತು. ಮನೆಗೆ ಹೋಗಿ ಹುಣಿಸೆಹಣ್ಣು ಹಚ್ಚಿ ಉಜ್ಜಿದರೆ, ಆನೆ ಕಾಸಿಗಿಂತ ಇನ್ನೂರು ವರ್ಷ ಹಳೆಯದು. ಕೊಟ್ಟಾತ ಅಂಥವು ಐದು ಕೊಟ್ಟಿದ್ದ.

ಆಮೇಲೆ ಆರು ತಿಂಗಳು ನಮ್ಮ ಬಸ್ಸು ಸರಿಯಾಗಿ ಅದೇ ತಿರುವಿನಲ್ಲಿ ಕೆಟ್ಟು ನಿಲ್ಲುತ್ತಿತ್ತು. ಡ್ರೈವರ್ ಒಳ್ಳೆಯ ಸ್ನೇಹಿತ. ಒಂದೂ ಸಿಗಲಿಲ್ಲ.

೨. ತಟ್ಟೆಯ ಮುಂದೆ

ಅರ್ಚಕರ ಕಷ್ಟ ಬೇರೆ. ಮಂಗಳಾರತಿ ತಟ್ಟೆಗೆ ಬಿದ್ದ ಕಾಸು ಅವರದೇ, ಅದರಲ್ಲಿ ತಕರಾರಿಲ್ಲ. ಆದರೆ ಕರ್ಪೂರದ ಬೆಳಕಿನಲ್ಲಿ ಬಗ್ಗಿ, ಬೆರಳಲ್ಲಿ ಕಾಸು ಮಗುಚಿ ನೋಡುವ ಅರ್ಚಕರನ್ನು ಕಂಡರೆ ಜನ ಏನು ತಿಳಿಯಬೇಕು? "ಯಾಕ್ ಸ್ವಾಮಿ, ಖೋಟಾ ಅಂದ್ಕಂಡ್ರಾ?" ಎಂದು ಒಬ್ಬ ರೈತ ಕೇಳಿಯೇಬಿಟ್ಟ.

ಅರ್ಚಕರಿಗೆ ಇನ್ನೊಂದು ದೋಷವಿತ್ತು, ಪ್ರಾಮಾಣಿಕತೆ. ಒಮ್ಮೆ ರೇಷ್ಮೆ ನೇಯುವವನೊಬ್ಬ ಹಾಕಿದ ಕಾಸು ಅವರು ಹತ್ತು ವರ್ಷದಿಂದ ಹುಡುಕುತ್ತಿದ್ದದ್ದು. ಸುಮ್ಮನೆ ತೆಗೆದುಕೊಳ್ಳಬಹುದಿತ್ತು. ಅದರ ಬದಲು, "ಇದು ಬೆಲೆಯುಳ್ಳದ್ದಪ್ಪ, ತಿಳಿಯದೆ ಹಾಕಿದ್ದೀಯೆ. ಬೇಕಾದರೆ ಬದಲಿಗೆ ಬೇರೆ ಕಾಸು ಹಾಕು, ಅಥವಾ ತಿಳಿದೇ ನನಗೆ ಕೊಡು" ಎಂದರು. ನೇಯುವವನು ಆ ಕಾಸನ್ನು ಕಣ್ಣಿಗೊತ್ತಿಕೊಂಡು, ಮನೆಗೆ ಒಯ್ದು, ದೇವರ ಗೂಡಿನಲ್ಲಿಟ್ಟು ಬೀಗ ಹಾಕಿದ.

ಆಮೇಲೆ ತಟ್ಟೆಗೆ ಯಾರೂ ಕಾಸು ಹಾಕದಾದರು. ಅಂಗೈಯಲ್ಲಿಟ್ಟು ಮುಂದೆ ಚಾಚಿ, "ಇದು ಎಂಗೆ ಸ್ವಾಮಿ?" ಎಂದು ಕೇಳಿ, ಉತ್ತರ ಯಾವುದಾದರೂ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ಕೆಲವರು ಬಾಗಿಲವರೆಗೆ ಹೋದ ಮೇಲೆ ಜ್ಞಾಪಕ ಬಂದು, ತಿರುಗಿ, ದೇವರಿಗೂ ಒಂದು ಕೈ ಮುಗಿಯುತ್ತಿದ್ದರು.

೩. ಕಣ್ಣು ತೆಗೆಯದ ಅಜ್ಜಿ

ಅರವತ್ತೊಂದೋ ಅರವತ್ತೆರಡೋ ಇರಬೇಕು. ಮಧ್ಯಾಹ್ನ ಬಸ್ಸು ಹನೂರಿನಲ್ಲಿ ನಿಂತಾಗ ಅಕ್ಕಸಾಲಿಯ ಹೆಂಡತಿ ಓಡುತ್ತ ಬಂದಳು. "ಬಿರ್ನೆ ಬನ್ನಿ, ಅವರು ಒಲೆ ಮುಂದೆ ಕೂತು ಅಳ್ತಾವ್ರೆ."

ಹೋಗಿ ನೋಡಿದೆ. ಪಕ್ಕದ ಹಳ್ಳಿಯ ಅಜ್ಜಿಯೊಬ್ಬಳು ಅಗ್ಗಿಷ್ಟಿಕೆಯ ಮುಂದೆ ಕೂತಿದ್ದಳು. ಅಕ್ಕಸಾಲಿಯ ಅಂಗೈಯಲ್ಲಿ ಕಂಠೀರಾಯಿ ಹಣ. ಒಂದು ಗೆರೆಯೂ ಸವೆದಿರಲಿಲ್ಲ. ಮೊಮ್ಮಗಳ ಮದುವೆಗೆ ಅದನ್ನು ಕರಗಿಸಿ ಮೂಗುತಿ ಮಾಡಿಕೊಡಬೇಕಂತೆ. ತೂಕವೂ ಒಂದು ಮೂಗುತಿಗೆ ಹೇಳಿ ಮಾಡಿಸಿದ ಹಾಗಿತ್ತು.

ನಮ್ಮ ಕಡೆಯ ಪದ್ಧತಿ ಹೇಳಬೇಕು. ಅಕ್ಕಸಾಲಿಗೆ ಚಿನ್ನ ಕೊಟ್ಟವರು ಒಡವೆ ಆಗುವ ತನಕ ಅವನ ಮುಂದೆ ಕೂತು ಕಣ್ಣು ತೆಗೆಯದೆ ನೋಡುತ್ತಾರೆ. ಬುತ್ತಿ ಕಟ್ಟಿಕೊಂಡೇ ಬಂದಿರುತ್ತಾರೆ. ಅಕ್ಕಸಾಲಿಗೂ ಅದರಲ್ಲಿ ಅವಮಾನವಿಲ್ಲ, ಒಲೆಗೆ ಹೊಗೆ ಇರುವಂತೆ ಅವನ ಕಸುಬಿಗೆ ಇದು.

"ಅಜ್ಜೀ, ಇದ್ನ ನಂಗೆ ಬುಡು. ಇದೇ ತೂಕದ ಬ್ಯಾರೆ ಚಿನ್ನದಲ್ಲಿ ಮೂಗ್ತಿ ಮಾಡ್ಕೊಡ್ತೀನಿ" ಎಂದ ಅಕ್ಕಸಾಲಿ.

"ಯಾಕೆ? ನನ್ ಚಿನ್ನಕ್ಕೇನ್ ಬಂದದೆ?"

"ಏನೂ ಬಂದಿಲ್ಲ. ನೋಡಕ್ ಚೆಂದಾಗದೆ ಅಂತ."

"ಚೆಂದಾಗಿರದ್ನ ನೀ ಇಟ್ಕಂಡು, ಇಲ್ದೇ ಇರದ್ನ ನಂಗ್ ಕೊಟ್ಟೀಯಾ?"

"ಎಲ್ಡರಷ್ಟು ತೂಕ ಕೊಡ್ತೀನಿ ಕಣಜ್ಜಿ!"

ಅದನ್ನು ಹೇಳಬಾರದಿತ್ತು. ಅಜ್ಜಿ ಕೂತಲ್ಲಿಂದ ಒಂದು ಮೊಳ ಮುಂದೆ ಸರಿದಳು. "ಒಂದಕ್ಕೆ ಎಲ್ಡು ಕೊಡ್ತೀನಿ ಅಂದ ಅಕ್ಕಸಾಲಿ ಈ ಲೋಕದಲ್ಲಿ ಉಂಟಾ? ಇದ್ರೊಳಗೆ ಏನೋ ಅದೆ. ಕರಗ್ಸು ಮೊದ್ಲು, ನನ್ ಕಣ್ ಮುಂದೆ."

ನಾನು ಮಧ್ಯೆ ಬಾಯಿ ಹಾಕಿ, "ಅಜ್ಜೀ, ಇವನು ಒಳ್ಳೇ ಮನುಷ್ಯ" ಎಂದೆ.

ಅಜ್ಜಿ ನನ್ನ ಖಾಕಿ ಅಂಗಿಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. "ಓದ್ವಾರ ನಂಗೆ ಎಲ್ಡು ಪೈಸ ಚಿಲ್ರೆ ಕೊಡ್ನಿಲ್ವಲ್ಲ, ಅವ್ನೇ ಅಲ್ವಾ ನೀನು?"

ನನ್ನ ಸಾಕ್ಷ್ಯ ಅಲ್ಲಿಗೆ ಮುಗಿಯಿತು. ಇದ್ದಿಲು ಹಸಿಯಾಗಿದೆ, ನಾಳೆ ಬಾ ಎಂದು ಅಕ್ಕಸಾಲಿ ಒಂದು ದಿನ ಉಳಿಸಿಕೊಂಡ. ಅಜ್ಜಿ ನಾಣ್ಯವನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಟಳು.

ಮಾರನೆಯ ದಿನ ಅರ್ಚಕರನ್ನು ಯಳಂದೂರಿನಿಂದ ಬಸ್ಸಿನಲ್ಲಿ ಕೂರಿಸಿಕೊಂಡು ಬಂದೆ. ಅಕ್ಕಸಾಲಿಯನ್ನು ನಂಬದವರು, ಕಂಡಕ್ಟರನ್ನು ನಂಬದವರು ಕೂಡ ಅರ್ಚಕರನ್ನು ನಂಬುತ್ತಾರೆ. ಅಜ್ಜಿ ಅವರ ಕಾಲಿಗೆ ಬಿದ್ದಳು. ನಾವು ಗೆದ್ದೆವು ಎಂದುಕೊಂಡೆವು.

"ಅಮ್ಮಾ, ಇದು ಹಳೆಯ ಅರಸರದ್ದು. ನೋಡು, ಇಲ್ಲಿ ನರಸಿಂಹಸ್ವಾಮಿ ಕೂತಿದ್ದಾನೆ" ಎಂದರು ಅರ್ಚಕರು.

"ದೇವ್ರವ್ನಾ ಇದ್ರಲ್ಲಿ?"

"ಸಾಕ್ಷಾತ್ ಇದ್ದಾನೆ."

"ಅಂಗಾರೆ ಮೊಮ್ಮಗಳ ಮೂಗ್ನಲ್ಲೇ ಇರ್ಲಿ. ಗಂಡನ್ ಮನೆಗೆ ದೇವ್ರ ಜೊತೇಲೇ ಓಗ್ಲಿ."

"ಅಲ್ಲಮ್ಮ, ಕರಗಿಸಿದರೆ ದೇವರು ಹೋಗಿಬಿಡುತ್ತಾನೆ."

"ಎಲ್ಲಿಗ್ ಓದನು ಸ್ವಾಮಿ? ಎಲ್ಲಾ ಕಡೆ ಅವ್ನೆ ಅಂತೀರಿ ನೀವೇಯ."

ಅರ್ಚಕರು ನಮ್ಮಿಬ್ಬರ ಮುಖ ನೋಡಿದರು. ಅಕ್ಕಸಾಲಿ ಊದುಗೊಳವೆ ತೆಗೆದುಕೊಂಡ. ಮೂಸೆಯಲ್ಲಿ ಮೊದಲು ಅಂಚು ಹೋಯಿತು, ಆಮೇಲೆ ನರಸಿಂಹನ ಮಂಡಿ, ಕೊನೆಗೆ ಮುಖ. ಅಷ್ಟು ಚೆಂದದ ಮೂಗುತಿಯನ್ನು ಅವನು ಹಿಂದೆಂದೂ ಮಾಡಿರಲಿಲ್ಲ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು, "ಕೆಲಸ ಪರವಾಗಿಲ್ಲ. ಮನುಸ ಮಾತ್ರ ಸರಿಯಿಲ್ಲ" ಎಂದು ಹೋದಳು.

೪. ಗುಲಗಂಜಿ ತೂಕ

ಆಮೇಲೆ ಚಿನ್ನದ ಕಾನೂನು ಬಂತು. ಹದಿನಾಲ್ಕು ಕ್ಯಾರೆಟ್ಟಿಗಿಂತ ಒಳ್ಳೆಯ ಚಿನ್ನದಲ್ಲಿ ಒಡವೆ ಮಾಡಬಾರದು ಎಂದರು. ಹದಿನಾಲ್ಕು ಕ್ಯಾರೆಟ್ಟಿನ ತಾಳಿ ನಮ್ಮ ಕಡೆ ಯಾರಿಗೂ ಬೇಕಿರಲಿಲ್ಲ. ಅಗ್ಗಿಷ್ಟಿಕೆ ಆರಿತು. ಮನೆಯಲ್ಲಿದ್ದ ಚೂರುಪಾರು ಚಿನ್ನ ರಾಗಿಯಾಯಿತು, ಆಮೇಲೆ ರಾಗಿಯೂ ಮುಗಿಯಿತು. ಕೊಳ್ಳೇಗಾಲದಲ್ಲಿ ನನಗೆ ಪರಿಚಯವಿದ್ದ ರೇಷ್ಮೆಗೂಡಿನ ವ್ಯಾಪಾರಿಯೊಬ್ಬರಿಗೆ ಹೇಳಿ ಅಕ್ಕಸಾಲಿಗೆ ತಕ್ಕಡಿ ಹಿಡಿಯುವ ಕೆಲಸ ಕೊಡಿಸಿದೆ. ತೂಕ ಗೊತ್ತಿದ್ದವನು, ಒಳ್ಳೆಯದಾಯಿತು ಎಂದರು ವ್ಯಾಪಾರಿ.

ಗುಲಗಂಜಿಯಲ್ಲಿ ಚಿನ್ನ ತೂಗಿದ ಕೈ. ಕಿಟಕಿ ಮುಚ್ಚಿಸಿದ, ಗಾಳಿಗೆ ತಟ್ಟೆ ಅಲುಗುತ್ತದೆಂದು. ಉಸಿರು ಬಿಗಿಹಿಡಿದ, ಸುತ್ತಲಿದ್ದವರಿಗೂ ಹಿಡಿಯಲು ಹೇಳಿದ. ಒಂದು ಗೂಡು ತೆಗೆದು, ನೋಡಿ, ಮತ್ತೆ ಹಾಕಿ, ಅದಕ್ಕಿಂತ ಚಿಕ್ಕದೊಂದು ಗೂಡು ಕೊಡಿ ಎಂದು ರೈತನನ್ನೇ ಕೇಳಿದ. ಮಧ್ಯಾಹ್ನಕ್ಕೆ ಗಾಡಿಗಳ ಸಾಲು ಬಸ್ ನಿಲ್ದಾಣ ಮುಟ್ಟಿತು. "ಇಂಥಾ ನ್ಯಾಯವಾದ ತೂಕ ಕಂಡೇ ಇರ್ನಿಲ್ಲ" ಎಂದು ರೈತರು ಕೊಂಡಾಡಿದರು. ಅವರ ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಹಾರಿಹೋಗುವುದರೊಳಗೆ ವ್ಯಾಪಾರಿ ಅವನನ್ನು ಮನೆಗೆ ಕಳಿಸಿದರು.

೫. ಸಂತೆಗೆ ಹೋದ ಅಜ್ಜಿ

ಹನೂರಿಗೆ ಮರಳಿ ಅವನು ಹಿತ್ತಾಳೆ ಪಾತ್ರೆಗಳ ಮೇಲೆ ಹೆಸರು ಕೆತ್ತುತ್ತ ಕೂತ. ಆಗ ಒಂದು ದಿನ ಅದೇ ಅಜ್ಜಿ ಬಂದು ಸೆರಗಿನ ಗಂಟು ಬಿಚ್ಚಿದಳು. ಇನ್ನೊಂದು ಕಂಠೀರಾಯಿ ಹಣ.

"ಜೋಡಿ ಇದ್ವು. ದೊಡ್ಡ ಮೊಮ್ಮಗಳದು ಆಯ್ತು. ಇದು ಚಿಕ್ಕವಳ್ಗೆ."

"ಈಗ ಕಾನೂನು ಬಂದದೆ ಕಣಜ್ಜಿ, ಕರಗ್ಸಂಗಿಲ್ಲ" ಎಂದ ಅಕ್ಕಸಾಲಿ. ಅಷ್ಟು ಸಂತೋಷದಿಂದ ಸರ್ಕಾರದ ಮಾತು ಹೇಳಿದವರನ್ನು ನಾನು ಕಂಡಿಲ್ಲ.

"ಅಂಗಾರೆ ನಿನ್ ತಾವೇ ಇರ್ಲಿ. ಕಾನೂನು ಬುಟ್ಮೇಲೆ ಬತ್ತೀನಿ."

"ನನ್ನ ನಂಬ್ತೀಯಾ?"

"ಈಗ ನೀ ಅಕ್ಕಸಾಲಿ ಅಲ್ವಲ್ಲ."

ಮೂರು ವರ್ಷ ಆ ನಾಣ್ಯ ಅವನ ತಗಡಿನ ಡಬ್ಬಿಯಲ್ಲಿತ್ತು. ಬಸ್ಸು ಹನೂರಿನಲ್ಲಿ ನಿಂತಷ್ಟು ಹೊತ್ತು ನಾನೂ ಹೋಗಿ ಭೂತಗನ್ನಡಿ ಹಿಡಿದು ನೋಡುತ್ತಿದ್ದೆ. ಅರ್ಚಕರು ತಿಂಗಳಿಗೊಮ್ಮೆ ಬಂದು, ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಕಾನೂನು ಸಡಿಲವಾಗದಿರಲಿ ಎಂದು ದೇಶದಲ್ಲಿ ಹಾರೈಸಿದ ಒಬ್ಬನೇ ಅಕ್ಕಸಾಲಿ ಇವನಿರಬೇಕು. ಆದರೂ ಸಡಿಲವಾಯಿತು. ಕೆಲಸ ಮತ್ತೆ ಶುರುವಾಗಿ, ಕೂಲಿಯಲ್ಲಿ ಉಳಿಸಿ ಅವನು ಆ ನಾಣ್ಯದ ತೂಕಕ್ಕೆ ಸರಿಯಾಗಿ ಒಂದು ಚೂರು ಚಿನ್ನ ಮಾಡಿಟ್ಟುಕೊಂಡ. ಈ ಸಲ ಅಜ್ಜಿ ಒಪ್ಪಬಹುದು ಎಂಬ ಆಸೆ.

ಚಿಕ್ಕವಳ ಮದುವೆ ಗೊತ್ತಾಯಿತು. ಸಂತೆಯ ದಿನ ಅಜ್ಜಿ ಬಂದಳು. ನಾನೂ ಅಲ್ಲೇ ಇದ್ದೆ. ಅಕ್ಕಸಾಲಿ ಬಾಯಿ ತೆಗೆಯುವುದರೊಳಗೆ ಅವಳು, "ಮೂಗ್ತಿ ಮಾಡಿಡು. ನಂಗ್ ಸಂತೇಲಿ ಕೆಲಸ ಅದೆ" ಎಂದು ಎದ್ದು ಹೊರಟೇಬಿಟ್ಟಳು. ಒಲೆ ಮುಂದೆ ಕೂರಲೇ ಇಲ್ಲ.

ನಾನು ಅವನ ತೋಳು ಹಿಡಿದೆ. "ಬದಲಾಯಿಸೋ! ನಿನ್ನ ಚಿನ್ನದಲ್ಲಿ ಮಾಡು. ತೂಕ ಅದೇ, ಚಿನ್ನ ಅದೇ. ಯಾರಿಗೆ ನಷ್ಟ?"

ಅವನು ಡಬ್ಬಿಯಿಂದ ನಾಣ್ಯ ತೆಗೆದು ಅಂಗೈಯಲ್ಲಿಟ್ಟುಕೊಂಡ. "ಅವತ್ತು ಕಾಯ್ಕಂಡು ಕೂತಿದ್ಲು. ಅವತ್ತಾಗಿದ್ರೆ ಮನಸು ಬತ್ತಿತ್ತು ಸಾ. ಇವತ್ತು ನಂಬಿ ಎದ್ದೋಗವ್ಳೆ. ಎಂಗೆ ಮಾಡ್ಲಿ?" ಎಂದ. ಊದುಗೊಳವೆ ತೆಗೆದುಕೊಂಡ. ನಾನು ಬೀದಿಯ ಕಡೆಗೆ ಮುಖ ತಿರುಗಿಸಿದೆ.

ಅಜ್ಜಿ ಬಂದಾಗ ಕೈಯಲ್ಲಿ ಚೀಲವಿರಲಿಲ್ಲ. ಮೂಗುತಿಯನ್ನು ತಿರುಗಿಸಿ ನೋಡಿ ಕೇಳಿದಳು:

"ಇದು ನಿನ್ ಚಿನ್ನವೋ, ನಂದೋ?"

"ನಿಂದೇ ಕಣಜ್ಜಿ. ಆ ದೇವ್ರಾಣೆಗೂ."

"ಅದ್ನೇ ಕರಗ್ಸುಬುಟ್ಯಾ?"

"ಹೂಂ."

ಅಜ್ಜಿ ಹಣೆ ಚಚ್ಚಿಕೊಂಡಳು. "ಅಯ್ಯೋ ಪಾಪಿ! ಮತ್ಯಾಕ್ಲಾ ನಾ ಸಂತೆಗೋಗಿದ್ದು? ಒಂದು ಕಲ್ಲು ಉಪ್ಪು ತಕ್ಕಳದಿರ್ನಿಲ್ಲ ನಂಗೆ ಅಲ್ಲಿ. ಮೂರು ವರ್ಸ ಕಾಪಾಡವ್ನೆ, ಆಸೆ ಪಟ್ಟವ್ನೆ, ಇಟ್ಕಳ್ಳಿ ಅಂತ ಎದ್ದೋದೆ. ನಾನೇ ಕೈಯಾರ ಕೊಟ್ಟೆ ಅಂದ್ರೆ ಸೊಸೆ ಮನೆಗ್ ಸೇರ್ಸಾಕಿಲ್ಲ. ಅಕ್ಕಸಾಲಿ ಬದ್ಲಾಯಿಸ್ಕಂಡ ಅಂದ್ರೆ ಯಾರ್ ಏನಂದರು?"

ಅಕ್ಕಸಾಲಿ ತನ್ನ ಚಿನ್ನದ ಚೂರನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಎದ್ದು ನಿಂತ. ಅಜ್ಜಿ ಮೂಗುತಿಯನ್ನು ಸೆರಗಿಗೆ ಕಟ್ಟಿಕೊಂಡು, ಜಗಲಿ ಇಳಿದು, ಬೀದಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಇಷ್ಟ್ ವರ್ಸ ಒಲೆ ಮುಂದೆ ಕೂತಿದ್ದೀಯ, ಒಂದು ಮೂಗ್ತಿ ಚಿನ್ನ ಬದ್ಲಾಯ್ಸಕ್ ಬರಾಕಿಲ್ಲ. ಥೂ, ನೀನೂ ಒಬ್ಬ ಅಕ್ಕಸಾಲಿಯಾ?"